ಹೆಣ ಬೀಳುವ ಮುಂಚೆ ಬನ್ನಿ

ಯಾದಗಿರಿ, ಶಹಾಪುರ, ಸುರಪುರದ ಮಂದಿಗೆ ಈ ಪದ್ಧತಿ ಚೆನ್ನಾಗಿ ಗೊತ್ತು. ಮಿಲ್ಲಿನಲ್ಲೋ ಕಲ್ಲಿನ ಕ್ವಾರಿಯಲ್ಲೋ ಒಬ್ಬ ಕೂಲಿಕಾರ ಸತ್ತರೆ, ಹೆಣ ಇನ್ನೂ ಸರ್ಕಾರಿ ದವಾಖಾನೆಯಲ್ಲಿ ಇರುವಾಗಲೇ ಕಂಪೌಂಡಿನ ಹೊರಗೆ ನಾಲ್ಕು ಮಂದಿ ಹಿರಿಯರು ಕೂಡುತ್ತಾರೆ. ಮಾಲೀಕನ ಕಡೆಯವರು ಒಂದು ಮೊತ್ತ ಹೇಳುತ್ತಾರೆ, ಮನೆಯವರು ಇನ್ನೊಂದು. ‘ಹೋದಾವ ಹೋದ, ಇದ್ದವರ ಹೊಟ್ಟಿ ನೋಡ್ರಿ’ ಎನ್ನುತ್ತಾನೆ ಒಬ್ಬ. ‘ಅಂವ ಕುಡದಿದ್ನಂತ’ ಎನ್ನುತ್ತಾನೆ ಮತ್ತೊಬ್ಬ. ‘ಹಣೇಬರಹ, ಯಾರೇನ್ ಮಾಡ್ಲಿಕ್ಕ ಆಗ್ತದ?’ ಎಂಬಲ್ಲಿಗೆ ರಾಜಿ ಆಗುತ್ತದೆ. ಮಣ್ಣು ಮಾಡಿ ಬರುತ್ತಾರೆ. ಮರುದಿನ ಅದೇ ಯಂತ್ರ, ಅದೇ ಬೆಲ್ಟು, ಇನ್ನೊಬ್ಬ ಕೂಲಿಕಾರ.

ಈ ರಾಜಿಯನ್ನು ನಾವು ಇನ್ನು ಒಪ್ಪಬಾರದು. ಅದನ್ನು ಈಗಲೇ ಹೇಳಬೇಕಾದ ಕಾರಣವಿದೆ. 2025ರ ನವೆಂಬರ್ 21ರಿಂದ ದೇಶದಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಜಾರಿಗೆ ಬಂದಿದೆ. 1948ರ ಕಾರ್ಖಾನೆ ಕಾಯ್ದೆಯ ಜಾಗದಲ್ಲಿ ಈಗ ಇದೇ ಕಾನೂನು. ದಂಡ ಏರಿದೆ, ಹೌದು. ಸುರಕ್ಷತೆಯ ಲೋಪದಿಂದ ಕಾರ್ಮಿಕ ಸತ್ತರೆ ಹಳೆಯ ಕಾಯ್ದೆ ಗೊತ್ತುಮಾಡಿದ್ದ ಕನಿಷ್ಠ ದಂಡ 25,000 ರೂಪಾಯಿ. ಈಗ ಎರಡು ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ 5 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. ಗಂಭೀರ ಗಾಯವಾದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 2ರಿಂದ 4 ಲಕ್ಷ ದಂಡ, ಇಲ್ಲವೇ ಎರಡೂ. ಆ ದಂಡದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದ ಪಾಲನ್ನು ಗಾಯಾಳುವಿಗೆ ಅಥವಾ ಮೃತನ ವಾರಸುದಾರರಿಗೆ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಇದನ್ನು ಸ್ವಾಗತಿಸೋಣ.

ಆದರೆ ಅದೇ ಸಂಹಿತೆ ಇನ್ನೊಂದು ಕೈಯಿಂದ ಏನು ಕಿತ್ತುಕೊಂಡಿತು ಎಂಬುದನ್ನೂ ನೋಡೋಣ. ವಿದ್ಯುತ್ತಿನಿಂದ ನಡೆಯುವ ಘಟಕದಲ್ಲಿ 10 ಜನ ಕಾರ್ಮಿಕರಿದ್ದರೆ ಅದು ಕಾರ್ಖಾನೆ ಎನ್ನಿಸಿಕೊಳ್ಳುತ್ತಿತ್ತು. ಈಗ 20 ಜನ ಬೇಕು. ವಿದ್ಯುತ್ತಿಲ್ಲದ ಕಡೆ 20 ಇದ್ದದ್ದು 40 ಆಗಿದೆ. ಗುತ್ತಿಗೆ ಕಾರ್ಮಿಕರ ನಿಯಮಗಳು 20 ಜನರಿಗೆ ಅನ್ವಯವಾಗುತ್ತಿದ್ದವು, ಈಗ 50. ಮಾಲೀಕನ ಸಾಮಾನ್ಯ ಹೊಣೆಗಾರಿಕೆ 10 ಜನರಿದ್ದಲ್ಲೂ ಉಳಿದಿದೆ ನಿಜ, ಆದರೆ ಕಾರ್ಖಾನೆ ಎಂಬ ಲೆಕ್ಕದಿಂದ ಹೊರಬಿದ್ದ ಘಟಕಕ್ಕೆ ಕಾರ್ಖಾನೆಯ ಲೈಸೆನ್ಸಿನ ಬಿಗಿ ಇರುವುದಿಲ್ಲ. ಯಾವ ಕಾರ್ಖಾನೆಗೆ ತಪಾಸಣೆಗೆ ಹೋಗಬೇಕು ಎಂಬುದನ್ನು ಇನ್ನು ಕಂಪ್ಯೂಟರೂ ಆರಿಸಬಹುದು. ಬರೀ ದಂಡ ವಿಧಿಸಬಹುದಾದ ತಪ್ಪಾದರೆ ಗರಿಷ್ಠ ದಂಡದ ಅರ್ಧ ಕಟ್ಟಿ ಪ್ರಕರಣವನ್ನೇ ಮುಗಿಸಿಕೊಳ್ಳಬಹುದು. ಸುರಕ್ಷತಾ ಅಧಿಕಾರಿಯನ್ನು ನೇಮಿಸಬೇಕಾದ್ದು 500 ಜನರಿರುವ ಕಾರ್ಖಾನೆ. ಅಪಾಯಕಾರಿ ಪ್ರಕ್ರಿಯೆ ನಡೆಯುವಲ್ಲಿ 250. ಶಹಾಪುರದ ಯಾವ ಜಿನ್ನಿಂಗ್ ಮಿಲ್ಲಿನಲ್ಲಿ 500 ಜನ ಇದ್ದಾರೆ, ಹೇಳಿ! ಸಾವಿನ ಬೆಲೆ ಏರಿತು, ಕಾವಲು ಇಳಿಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಹತ್ತಿ ಹಂಗಾಮಿನಲ್ಲಿ ಒಮ್ಮೆ ಮಿಲ್ಲಿನೊಳಗೆ ಹೋಗಿ ನಿಲ್ಲಿ. ಸಾಲಾಗಿ ಜಿನ್ ಯಂತ್ರಗಳು. ಕಣ್ಣೆದುರು ಬರೀ ಅರಳೆಯ ಧೂಳು. ಪಕ್ಕದವರ ಮಾತು ಕೇಳದಷ್ಟು ಸದ್ದು. ಹೆಣ್ಣುಮಕ್ಕಳು ಸೆರಗನ್ನೇ ಮೂಗಿಗೆ ಸುತ್ತಿಕೊಂಡಿರುತ್ತಾರೆ. ರೋಲರಿನಲ್ಲಿ ಹತ್ತಿ ಸಿಕ್ಕಿಕೊಂಡರೆ ಯಂತ್ರ ನಿಲ್ಲಿಸುವ ಪುರುಸೊತ್ತಿಲ್ಲ, ಕೈಯಿಂದಲೇ ಎಳೆದು ತೆಗೆಯಬೇಕು. ಬೆಲ್ಟಿಗೆ ಜಾಲರಿ ಇಲ್ಲದಿದ್ದರೆ ಸೆರಗು ಸಿಕ್ಕುವುದಕ್ಕೆ ಒಂದು ಕ್ಷಣ ಸಾಕು. ತಿರುಗುವ ಯಂತ್ರಕ್ಕೆ ಬೇಲಿ ಇರಲೇಬೇಕೆಂದು 1948ರಲ್ಲೇ ಬರೆದಿತ್ತು. ಹತ್ತಿ ಪ್ರೆಸ್ಸಿನಲ್ಲಿ ಅರಳೆ ಬಿಡಿಸುವ ಯಂತ್ರದ ಹತ್ತಿರ ಹೆಂಗಸರನ್ನೂ ಮಕ್ಕಳನ್ನೂ ದುಡಿಸಬಾರದು ಎಂಬ ಪ್ರತ್ಯೇಕ ಕಲಮೇ ಇತ್ತು. ಹತ್ತಿ ಧೂಳಿನಿಂದ ಬರುವ ಶ್ವಾಸಕೋಶದ ರೋಗ, ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್, ಎರಡೂ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿದ್ದವು. ನಮ್ಮ ಕ್ರಷರುಗಳಲ್ಲಿ ದುಡಿದು ಕೆಮ್ಮುತ್ತಾ ಸತ್ತವರನ್ನು ಮಾತ್ರ ಊರು ‘ಟಿಬಿ ಆಗಿತ್ತು’ ಎಂದು ಕಳಿಸಿಕೊಟ್ಟಿತು.

ನಮ್ಮದೇ ಜಿಲ್ಲೆಯ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕಾಗಿ ರೈತರಿಂದ ಮೂರು ಸಾವಿರ ಎಕರೆಗೂ ಮಿಕ್ಕಿ ಭೂಮಿ ತೆಗೆದುಕೊಂಡರು. ಅಲ್ಲೀಗ ರಾಸಾಯನಿಕ, ಔಷಧ ಕಾರ್ಖಾನೆಗಳಿವೆ. ಸುತ್ತಲ ಹಳ್ಳಿಯವರು ದುರ್ವಾಸನೆಯ ಬಗ್ಗೆ ದೂರುತ್ತಲೇ ಇದ್ದಾರೆ. ವಾಸನೆ ಹಳ್ಳಿಗೇ ಬರುವುದಾದರೆ ಗೋಡೆಯೊಳಗೆ ಟ್ಯಾಂಕ್ ತೊಳೆಯುವವನ ಗತಿ ಏನು? ಟ್ಯಾಂಕಿಗೆ ಇಳಿದವನು ಮೇಲೆ ಬರಲಿಲ್ಲವೆಂದು ಎರಡನೆಯವನು ಇಳಿಯುತ್ತಾನೆ, ಅವನನ್ನು ಎತ್ತಲು ಮೂರನೆಯವನು. ದೇಶದ ಎಷ್ಟೋ ಕಡೆ ಇಂಥ ಸಾವುಗಳು ಹೀಗೇ ಆಗಿವೆ. ಇಳಿಯುವ ಮುಂಚೆ ಗಾಳಿ ಪರೀಕ್ಷೆ, ಸೊಂಟಕ್ಕೆ ಹಗ್ಗ, ಮೇಲೆ ಕಾಯುವ ಒಬ್ಬ ಮನುಷ್ಯ: ಇಷ್ಟಿದ್ದರೆ ಮೂರು ಜೀವ ಉಳಿಯುತ್ತವೆ. ಅಪಾಯ ಟ್ಯಾಂಕಿನಲ್ಲಷ್ಟೇ ಅಲ್ಲ. ಪಕ್ಕದ ವಿಜಯಪುರದಲ್ಲಿ 2023ರ ಡಿಸೆಂಬರ್ 4ರಂದು ಗೋದಾಮಿನಲ್ಲಿ ಮೆಕ್ಕೆಜೋಳದ ಮೂಟೆಗಳು ಕುಸಿದು ಬಿಹಾರದ ಏಳು ಜನ ಕೂಲಿಕಾರರು ಅಡಿಯಲ್ಲಿ ಸಿಕ್ಕು ಸತ್ತರು. ನಮ್ಮವರೂ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುತ್ತಾರೆ. ಅವರ ಜೀವಕ್ಕೆ ಅಲ್ಲಿ ಬೆಲೆ ಬೇಕೆಂದು ಕೇಳುವ ನಾವು, ನಮ್ಮಲ್ಲಿಗೆ ಬಂದವರ ಜೀವಕ್ಕೂ ಬೆಲೆ ಕೊಡಬೇಕು.

ಮಾಲೀಕರೆಂದರೆ ಬೇರೆ ಯಾರೋ ಎಂದುಕೊಳ್ಳಬೇಡಿ. ಸ್ವಂತ ವಾಸಕ್ಕೆ ಕಟ್ಟುವ ಮನೆಯ ವೆಚ್ಚ 10 ಲಕ್ಷದ ಒಳಗಿದ್ದರೆ ಮಾತ್ರ ಕಟ್ಟಡ ಕಾರ್ಮಿಕರ ಕಾನೂನಿನಿಂದ ವಿನಾಯಿತಿ ಇತ್ತು. ಹೊಸ ಸಂಹಿತೆ ಅದನ್ನು 50 ಲಕ್ಷಕ್ಕೆ ಏರಿಸಿದೆ. ನಮ್ಮ ಮೂರು ಊರುಗಳಲ್ಲಿ ಏಳುತ್ತಿರುವ ಮನೆಗಳಲ್ಲಿ ಹೆಚ್ಚಿನವು ಆ ಮಿತಿಯೊಳಗೇ. ಮಾಸ್ತರರೇ, ವಕೀಲರೇ, ಅಂಗಡಿ ಸಾಹುಕಾರರೇ, ಎರಡನೇ ಅಂತಸ್ತಿನಲ್ಲಿ ಕಟ್ಟಿಗೆಯ ಅಟ್ಟಣಿಗೆ ಮೇಲೆ ಬರಿಗಾಲಲ್ಲಿ ನಿಂತು ನಿಮ್ಮ ಗೋಡೆಗೆ ಗಿಲಾಯ್ ಮಾಡುತ್ತಿರುವ ಗೌಂಡಿಗೆ ಈಗ ನೀವೇ ಕಾನೂನು. ಹೆಲ್ಮೆಟ್, ಸೊಂಟದ ಬೆಲ್ಟು ಕೊಟ್ಟಿರೇನು? ಬಾಗಿಲಿಗೆ ಸಾಗವಾನಿಯೇ ಆಗಬೇಕೆನ್ನುವ ನಮಗೆ ಆ ಖರ್ಚು ಭಾರವೇ?

ಆದ್ದರಿಂದ ಈ ಕರೆ.

ಹಿರಿಯರೇ, ದವಾಖಾನೆ ಮುಂದೆ ರಾಜಿ ಪಂಚಾಯ್ತಿ ಮಾಡಬೇಡಿ. ಪರಿಹಾರವೆಂಬುದು ಮಾಲೀಕ ದೊಡ್ಡ ಮನಸ್ಸು ಮಾಡಿ ಕೊಡುವ ದುಡ್ಡಲ್ಲ. 1923ರಿಂದ ಅದು ಕಾನೂನಿನ ಹಕ್ಕು. ‘ಕುಡದಿದ್ದ’ ಎಂಬ ನೆಪ ಸಾವಿನ ಪ್ರಕರಣದಲ್ಲಿ ನಡೆಯುವುದಿಲ್ಲ ಎಂದು ಆ ಕಾಯ್ದೆಯೇ ಹೇಳಿತ್ತು. ಮೊದಲು ಎಫ್‌ಐಆರ್ ಆಗಲಿ, ಯಂತ್ರ ನಿಲ್ಲಲಿ, ಆಮೇಲೆ ಉಳಿದ ಮಾತು.

ಮಾಲೀಕರೇ, 5 ಲಕ್ಷದ ದಂಡ ಬರುವ ತನಕ ಕಾಯಬೇಡಿ. ಬೆಲ್ಟಿಗೆ ಜಾಲರಿ, ಕೈಗೆ ಸಿಗುವಲ್ಲಿ ಕೆಂಪು ಸ್ವಿಚ್ಚು, ಕ್ರಷರಿನಲ್ಲಿ ನೀರು ಚಿಮುಕಿಸುವ ಪೈಪು, ಇವುಗಳ ಖರ್ಚು ಎಷ್ಟೆಂದು ನಿಮಗೇ ಗೊತ್ತು. ಪ್ರತಿಯೊಬ್ಬನಿಗೂ ನೇಮಕಾತಿ ಪತ್ರ ಕೊಡಿ. ಸಂಹಿತೆ ಅದನ್ನು ಕಡ್ಡಾಯ ಮಾಡಿದೆ. ಸತ್ತ ಮೇಲೆ ‘ಅವನು ನಮ್ಮ ಆಳೇ ಅಲ್ಲ’ ಎನ್ನುವ ಬಾಯಿ ಅಲ್ಲಿಗೆ ಮುಚ್ಚುತ್ತದೆ.

ರಾಜ್ಯ ಸರ್ಕಾರವೇ, 2023ರಲ್ಲಿ ನೀನು ಕಾರ್ಖಾನೆ ಕಾಯ್ದೆ ತಿದ್ದಿ ದಿನಕ್ಕೆ 12 ಗಂಟೆ ದುಡಿಸಲು ದಾರಿ ಮಾಡಿದೆ, ಮೂರು ತಿಂಗಳ ಓಟಿ ಮಿತಿಯನ್ನು 75 ಗಂಟೆಯಿಂದ ಹೆಚ್ಚುಕಡಿಮೆ ದುಪ್ಪಟ್ಟಿಗೆ ಏರಿಸಿದೆ. ಹನ್ನೊಂದನೇ ತಾಸಿನಲ್ಲಿ ಕಣ್ಣು ಎಳೆಯುವವನ ಕೈ ಎಲ್ಲಿಗೆ ಹೋಗುತ್ತದೆಂದು ಯೋಚಿಸಿದೆಯಾ? ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ, ಮುಂಚೆ ತಿಳಿಸದೆ ಕೆಲಸದ ಜಾಗಕ್ಕೆ ಹೊಕ್ಕು ನೋಡುವ ಅಧಿಕಾರ ಇನ್ಸ್‌ಪೆಕ್ಟರಿಗೆ ಇರಬೇಕು ಎನ್ನುವ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 81ನೇ ಒಡಂಬಡಿಕೆಗೆ ಭಾರತ 1949ರಲ್ಲೇ ಒಪ್ಪಿ ಸಹಿ ಹಾಕಿದೆ. ಕಂಪ್ಯೂಟರ್ ಹೆಸರು ಆರಿಸಲಿ, ಬೇಡವೆನ್ನುವುದಿಲ್ಲ. ಆದರೆ ದೂರು ಬಂದ ಕಡೆ ಮನುಷ್ಯ ಹೋಗಬೇಕು, ಅವತ್ತೇ ಹೋಗಬೇಕು.

ಕೂಲಿ ಮಾಡುವ ಅಣ್ಣ, ಅಕ್ಕ, ಸುರಕ್ಷತೆ ಸಾಲದು ಅನ್ನಿಸಿದರೆ ಮೊದಲು ಮಾಲೀಕನಿಗೆ, ಅಲ್ಲಿ ಸಮಾಧಾನ ಸಿಗದಿದ್ದರೆ ಇನ್ಸ್‌ಪೆಕ್ಟರಿಗೆ ಹೇಳುವ ಹಕ್ಕು ನಿಮಗಿದೆ. ಒಬ್ಬರೇ ಹೇಳಿದರೆ ನಾಳೆ ಕೆಲಸಕ್ಕೆ ಕರೆಯುವುದಿಲ್ಲ ಎಂಬ ಹೆದರಿಕೆ ಸುಳ್ಳಲ್ಲ. ಹತ್ತು ಮಂದಿ ಕೂಡಿ ಹೇಳಿ, ಬರೆದು ಕೊಡಿ, ಸ್ವೀಕೃತಿ ತಗೊಳ್ಳಿ.

ಉಳಿದದ್ದು ಊರಿನ ಕೆಲಸ. ಮುಂದಿನ ಹತ್ತಿ ಹಂಗಾಮು ಶುರುವಾಗುವ ಮೊದಲು ಪ್ರತಿ ಗ್ರಾಮಸಭೆಯಲ್ಲೂ, ನಗರಸಭೆಯಲ್ಲೂ ಮೂರು ಬೇಡಿಕೆಗಳನ್ನು ಠರಾವು ಮಾಡಿಸೋಣ. ಜಿಲ್ಲೆಯ ಪ್ರತಿ ಮಿಲ್ಲು, ಕ್ರಷರು, ರಾಸಾಯನಿಕ ಕಾರ್ಖಾನೆಯ ತಪಾಸಣೆ ಆಗಬೇಕು. ಆ ವರದಿಯನ್ನು ಕನ್ನಡದಲ್ಲಿ ಗೇಟಿಗೂ ಪಂಚಾಯ್ತಿ ಫಲಕಕ್ಕೂ ಅಂಟಿಸಬೇಕು. ಕೆಲಸದಲ್ಲಿ ಆದ ಪ್ರತಿ ಸಾವಿಗೂ ಬಹಿರಂಗ ವಿಚಾರಣೆ ನಡೆಯಬೇಕು. ಠರಾವಿನ ಪ್ರತಿ ಜಿಲ್ಲಾಧಿಕಾರಿಗೆ ಹೋಗಲಿ, ಶಾಸಕರಿಗೆ ಹೋಗಲಿ. ಉತ್ತರ ಬರದಿದ್ದರೆ ನಾವೇ ಹೋಗೋಣ, ನೂರಾರು ಮಂದಿಯಾಗಿ ಹೋಗೋಣ.