ಒಲೆಯ ಮುಂದಿನ ಪ್ರಾರ್ಥನೆ

ಮುಂಬೈ, ಪುಣೆಯಂತಹ ನಗರಗಳ ಕ್ರೈಸ್ತ ಕುಟುಂಬಗಳಲ್ಲಿ ಆಗಾಗ ಕೇಳಿಬರುವ ಕೊರಗೊಂದಿದೆ. ಭಾನುವಾರದ ಆರಾಧನೆಯಲ್ಲಿ ಹತ್ತಿರವೆನಿಸಿದ ದೇವರು ಸೋಮವಾರದ ಲೋಕಲ್ ರೈಲಿನಲ್ಲಿ ದೂರವಾಗಿಬಿಡುತ್ತಾನೆ ಎಂಬುದು. ಇದಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರ, ಪ್ರಾರ್ಥನೆಗೆ ಇನ್ನಷ್ಟು ಸಮಯ ಮೀಸಲಿಡಿ ಎಂದು. ಉತ್ತರ ತಪ್ಪಲ್ಲ. ಆದರೆ ನಸುಕಿನಲ್ಲೆದ್ದು ಎಲ್ಲರಿಗೂ ಡಬ್ಬಿ ಕಟ್ಟಿ, ತಾನೂ ದುಡಿದು, ರಾತ್ರಿ ಮನೆ ಸೇರುವವಳಿಗೆ ಅದು ಹೊರೆಯ ಮೇಲೊಂದು ಹೊರೆ. ಸಮಯದ ಅಭಾವಕ್ಕಿಂತಲೂ, ದೇವರು ಎಲ್ಲಿ ದೊರೆಯುತ್ತಾನೆಂಬ ನಮ್ಮ ಎಣಿಕೆಯೇ ಇಲ್ಲಿ ದೊಡ್ಡ ಅಡ್ಡಿಯೆಂದು ನನಗೆ ತೋರುತ್ತದೆ.

ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ನಿಕೊಲಾ ಹೆರ್ಮನ್ ಎಂಬವನಿದ್ದ. ಲೊರೇನ್ ಪ್ರಾಂತದ ಬಡವ. ಸೈನಿಕನಾಗಿ ಗಾಯಗೊಂಡು ಕಾಲು ಕುಂಟಾಗಿತ್ತು. ಪ್ಯಾರಿಸಿನ ಕಾರ್ಮೆಲ್ ಮಠವನ್ನು ಸೇರಿದ ಅವನು ಸಹೋದರ ಲಾರೆನ್ಸ್ ಎಂಬ ಹೆಸರು ಪಡೆದ. ಅವನ ಪಾಲಿಗೆ ಬಂದದ್ದು ಅಡುಗೆಮನೆ. ಆ ಕೆಲಸ ಅವನಿಗೆ ಸ್ವಭಾವತಃ ಒಗ್ಗದು. ಆದರೂ ಸುಮಾರು ಹದಿನೈದು ವರ್ಷ ಅಲ್ಲಿ ದುಡಿದ. ಮುಂದೆ ಮಠದವರ ಪಾದರಕ್ಷೆ ರಿಪೇರಿಗೆ ನಿಯೋಜಿತನಾದ. 1691ರಲ್ಲಿ ಅವನು ತೀರಿಕೊಂಡ ಮೇಲೆ, ಅವನೊಡನೆ ಮಾತನಾಡಿದ್ದ ಜೋಸೆಫ್ ದ ಬೋಫೋರ್ ಎಂಬ ಪಾದ್ರಿ ಅವನ ಮಾತುಗಳನ್ನೂ ಪತ್ರಗಳನ್ನೂ ಸಂಗ್ರಹಿಸಿ ಪ್ರಕಟಿಸಿದ.

ಅವನ ಅನುಭವದ ಸಾರ ಸರಳ. ಪಾತ್ರೆಗಳ ಸದ್ದು, ಏಕಕಾಲಕ್ಕೆ ಹಲವರ ಕರೆ, ಇವುಗಳ ನಡುವೆಯೂ ಮಂಡಿಯೂರಿದಾಗಿನಷ್ಟೇ ಶಾಂತವಾಗಿ ದೇವರ ಸಾನ್ನಿಧ್ಯದಲ್ಲಿರಬಹುದು; ಬಾಣಲೆಯ ಮೊಟ್ಟೆಯನ್ನು ಮಗುಚುವುದನ್ನೂ ಆತನ ಪ್ರೀತಿಗಾಗಿ ಮಾಡಬಹುದು. ಈ ನೆಮ್ಮದಿ ಅವನಿಗೆ ಸುಲಭವಾಗಿ ದಕ್ಕಲಿಲ್ಲವೆಂಬುದನ್ನು ಮರೆಯಬಾರದು. ಮಠದ ಮೊದಲ ಸುಮಾರು ಹತ್ತು ವರ್ಷ ಅವನು ತೀವ್ರ ಅಂತರಂಗದ ಯಾತನೆಯಲ್ಲಿದ್ದ. ಮನಸ್ಸು ಅಲೆದಾಗ ತನ್ನನ್ನು ಹಳಿದುಕೊಳ್ಳದೆ ಮೆಲ್ಲನೆ ದೇವರತ್ತ ಮರಳುವುದೇ ಅವನು ಕಂಡುಕೊಂಡ ದಾರಿ. ನಮ್ಮಲ್ಲಿ ಅನೇಕರು ಪ್ರಾರ್ಥನೆ ಕೈಬಿಡುವುದು ದೇವರ ಮೇಲಿನ ಬೇಸರದಿಂದಲ್ಲ, ತಮ್ಮ ಮೇಲಿನ ಬೇಸರದಿಂದ. ಅಂಥವರಿಗೆ ಈ ಮಾತು ಬಲು ದೊಡ್ಡ ಸಮಾಧಾನ.

ಕಾಯಕದ ಕಲ್ಪನೆಯನ್ನು ಬಲ್ಲ ಕನ್ನಡಿಗರಿಗೆ ಇದು ತೀರ ಅಪರಿಚಿತವಲ್ಲ. ಹಿನ್ನೆಲೆಗಳು ಬೇರೆಯಾದರೂ, ದುಡಿಮೆ ದೇವರಿಂದ ದೂರದ ಸ್ಥಳವಲ್ಲವೆಂಬ ಅರಿವು ಎರಡರಲ್ಲೂ ಇದೆ.

ದುಡಿಮೆಯೇ ಪ್ರಾರ್ಥನೆಯಾದರೆ ಪ್ರತ್ಯೇಕ ಪ್ರಾರ್ಥನೆ ಏಕೆ ಎಂದು ಕೇಳಬಹುದು. ಆಕ್ಷೇಪ ನ್ಯಾಯವಾದದ್ದೇ. ಲಾರೆನ್ಸನೂ ಮಠದ ನಿಯತ ಪ್ರಾರ್ಥನೆಗಳನ್ನು ಬಿಟ್ಟವನಲ್ಲ. ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಯೇಸು ಸಂಜೆಯಾದ ಮೇಲೂ ರೋಗಿಗಳನ್ನು ಗುಣಪಡಿಸುತ್ತಾನೆ. ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸುತ್ತಾನೆ. ಶಿಷ್ಯರು ಹುಡುಕಿಕೊಂಡು ಬಂದಾಗ ಅಲ್ಲಿಯೇ ಉಳಿಯದೆ ನೆರೆಯ ಊರುಗಳಿಗೆ ಹೊರಡುತ್ತಾನೆ. ಏಕಾಂತ ಕೆಲಸವನ್ನು ಪೋಷಿಸಬೇಕು. ಕೆಲಸ ಏಕಾಂತದ ಹಸಿವನ್ನು ಉಳಿಸಬೇಕು. ಆ ಏಕಾಂತ ಐದೇ ನಿಮಿಷದ್ದಾದರೂ ಸರಿ, ಅದು ದಿನವೂ ಇರಬೇಕು.

ಇನ್ನೊಂದು ಮಾತು. ದೇವರೊಡನೆ ನಂಟು ಉಳಿದಿದೆಯೇ ಎಂದು ಅಳೆಯಲು ಭಾವಾವೇಶ ತಕ್ಕ ಅಳತೆಗೋಲಲ್ಲ. ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಯೇಸು ಕೊಡುವ ಅಳತೆ ಬೇರೆ: ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿರುವುದು ನೆನಪಾದರೆ ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ರಾಜಿಯಾಗು. ಮನೆಗೆಲಸದವಳೊಡನೆ ನಾವಾಡುವ ಮಾತು, ಮಾತು ಬಿಟ್ಟ ಅಣ್ಣನಿಗೆ ಮಾಡುವ ಒಂದು ಫೋನು, ಮುಪ್ಪಾದ ಅತ್ತೆಯ ಅದೇ ಹಳೆಯ ಕಥೆಗೆ ಕೊಡುವ ಕಿವಿ, ಇವೆಲ್ಲ ಪ್ರಾರ್ಥನೆಯ ಹೊರಗಿನ ಸಂಗತಿಗಳಲ್ಲ. ಸೋಮವಾರದ ದೇವರನ್ನು ಅರಸುವವರು ಮೊದಲು ಅಲ್ಲಿ ಹುಡುಕುವುದು ಒಳ್ಳೆಯದು.