ಅಳಬೇಡ ಎಂದ ಹಾಡು

ಹೋದ ತಿಂಗಳು ಶನಿವಾರದ ಆಟದ ಪಿರಿಯಡ್ಡಿಗೆ ಒಂಬತ್ತನೇ ತರಗತಿಯ ಹುಡುಗನೊಬ್ಬ ಜಡೆಗಟ್ಟಿದ ಕೂದಲಿನ, ಗಡ್ಡದ ಮನುಷ್ಯನ ಚಿತ್ರವಿದ್ದ ಟೀ ಶರ್ಟು ಹಾಕಿಕೊಂಡು ಬಂದಿದ್ದ. 'ಯಾರೋ ಇವರು?' ಎಂದೆ. 'ಗೊತ್ತಿಲ್ಲ ಸಾರ್. ಮಾವ ಗೋಕರ್ಣದಿಂದ ತಂದುಕೊಟ್ಟದ್ದು. ಯಾರೋ ಬಾಬಾ ಇರಬೇಕು' ಎಂದ. ನಗು ಬಂತು. ಆದರೆ ನಗುವ ಹಕ್ಕು ನನಗಿರಲಿಲ್ಲ.

ನಾನು ಬಿ.ಎಸ್ಸಿ. ಓದುವಾಗ ಹಾಸ್ಟೆಲಿನ ಗೆಳೆಯನೊಬ್ಬ ಎಲ್ಲಿಂದಲೋ ಬಾಬ್ ಮಾರ್ಲಿಯ ಧ್ವನಿಸುರುಳಿ ತಂದಿದ್ದ. ಅದರಲ್ಲಿ 'ನೋ ವುಮನ್ ನೋ ಕ್ರೈ' ಎಂಬ ಹಾಡಿತ್ತು. ಹೆಂಗಸಿಲ್ಲದಿದ್ದರೆ ಅಳುವೂ ಇಲ್ಲ ಎಂದು ನಾವು ಅರ್ಥ ಮಾಡಿಕೊಂಡು, ಬ್ರಹ್ಮಚಾರಿಗಳ ಧ್ಯೇಯವಾಕ್ಯವೆಂದು ಕೋಣೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೆವು. ಪಾತ್ರೆ ತಿಕ್ಕಲು ಬರುತ್ತಿದ್ದ ಹೆಂಗಸು ಒಂದು ದಿನ ಅದೇನೆಂದು ಕೇಳಿದಳು. ನಮ್ಮ ಅರ್ಥವನ್ನೇ ಹೇಳಿ ಗೊಳ್ಳೆಂದು ನಕ್ಕೆವು. ಆಕೆ ಏನೂ ಅನ್ನದೆ ಉಳಿದ ಅನ್ನವನ್ನು ಡಬ್ಬಿಗೆ ಹಾಕಿಕೊಂಡು ಮನೆಗೆ ಹೋದಳು. ಮನೆಯಲ್ಲಿ ಮೂರು ಮಕ್ಕಳಿದ್ದರು.

ಆ ಹಾಡಿನ ನಿಜವಾದ ಅರ್ಥ 'ಬೇಡ ತಾಯಿ, ಅಳಬೇಡ' ಎಂದು. ಇದು ತಿಳಿಯಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ಕಿಂಗ್‌ಸ್ಟನ್ನಿನ ಟ್ರೆಂಚ್‌ಟೌನ್ ಎಂಬ ಬಡವರ ಕೇರಿಯ ಸರ್ಕಾರಿ ವಠಾರ, ರಾತ್ರಿ ಉರಿಯುವ ಸೌದೆ, ಹಂಚಿಕೊಂಡು ಕುಡಿದ ಮುಸುಕಿನ ಜೋಳದ ಗಂಜಿ, ದೂರವಾದ ಸ್ನೇಹಿತರು, ಇವೆಲ್ಲದರ ನೆನಪು ಅದು. 1974ರ ಈ ಹಾಡಿನ ಕರ್ತೃ ಎಂದು ದಾಖಲಾಗಿರುವುದು ಮಾರ್ಲಿಯ ಹೆಸರಲ್ಲ, ಅದೇ ಕೇರಿಯಲ್ಲಿ ಗಂಜಿ ಕೇಂದ್ರ ನಡೆಸುತ್ತಿದ್ದ ವಿನ್ಸೆಂಟ್ ಫೋರ್ಡ್ ಎಂಬ ಗೆಳೆಯನದು. ಹಾಡಿನ ದುಡ್ಡು ಆತನ ಒಲೆ ಆರದಂತೆ ನೋಡಿಕೊಂಡಿತು ಎನ್ನುತ್ತಾರೆ.

ಅಟ್ಲಾಸ್ ತೆಗೆದು ನೋಡಿ. ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ ಹೆಚ್ಚುಕಡಿಮೆ ನಮ್ಮ ಬೀದರಿನ ಅಕ್ಷಾಂಶದಲ್ಲೇ ಇದೆ. 1962ರಲ್ಲಿ ಆ ದೇಶಕ್ಕೆ ಸ್ವಾತಂತ್ರ್ಯ ಬಂತು, ಅಲ್ಲಿನ ಕೊಳೆಗೇರಿಗಳಿಗೆ ಬರಲಿಲ್ಲ. ರೆಗ್ಗೆ ಹುಟ್ಟಿದ್ದು ಅರವತ್ತರ ದಶಕದ ಕೊನೆಯಲ್ಲಿ, ಆ ಕೇರಿಗಳಲ್ಲಿ. ಅದರ ತಾಳವೇ ವಿಚಿತ್ರ. ನಾಲ್ಕು ಎಣಿಕೆಯ ಆವರ್ತದಲ್ಲಿ ಮೊದಲನೆಯ ಪೆಟ್ಟು, ನಾವು ತೊಡೆ ತಟ್ಟುವ ಜಾಗ, ಅನೇಕ ಹಾಡುಗಳಲ್ಲಿ ಖಾಲಿ. ಡೋಲಿನ ಭಾರವೆಲ್ಲ ಮೂರನೆಯದರ ಮೇಲೆ. ಗಿಟಾರು ಎರಡು ಮತ್ತು ನಾಲ್ಕರಲ್ಲಿ ಚಿಟಿಕೆ ಹೊಡೆದಂತೆ ಬಂದು ಹೋಗುತ್ತದೆ. ಹೀಗಾಗಿ ಕೇಳುವವನ ಮೈ ತಾನಾಗಿ ತೂಗುತ್ತದೆ, ಮಾತು ಮರೆತುಹೋಗುತ್ತದೆ. ನಮಗೆ ಆದದ್ದೂ ಅದೇ. (ಗಾಂಜಾ ಎಂದರೆ ರೆಗ್ಗೆ ಎನ್ನುವವರಿಗೆ ಒಂದು ಮಾತು: ಆ ಪದ ಜಮೈಕಾಕ್ಕೆ ಹೋದದ್ದು 1845ರಿಂದ ಅಲ್ಲಿನ ಕಬ್ಬಿನ ತೋಟಗಳಿಗೆ ಹಡಗು ಹತ್ತಿದ ನಮ್ಮ ದೇಶದ ಕೂಲಿಗಳ ಜೊತೆ.)

ಮಾತಿಗೆ ಕಿವಿಗೊಟ್ಟರೆ ಬೇರೆಯೇ ಲೋಕ. ಡೆಸ್ಮಂಡ್ ಡೆಕ್ಕರ್‌ನ 'ಇಸ್ರೇಲೈಟ್ಸ್' 1969ರಲ್ಲಿ ಇಂಗ್ಲೆಂಡಿನ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿತು. ಕುಣಿದವರಿಗೆ ಅದು ಹೊಟ್ಟೆಪಾಡಿಗೆ ಬೆಳಗಾಗೆದ್ದು ದುಡಿದರೂ ಹೆಂಡತಿ ಮಕ್ಕಳನ್ನು ಉಳಿಸಿಕೊಳ್ಳಲಾಗದ ಕೂಲಿಯವನ ಗೋಳು ಎಂದು ಎಷ್ಟು ಗೊತ್ತಿತ್ತೋ! ಡೆಕ್ಕರ್, ಮಾರ್ಲಿ ಇಬ್ಬರೂ ಹರೆಯದಲ್ಲಿ ವೆಲ್ಡಿಂಗ್ ಕೆಲಸ ಮಾಡಿದವರು.

1976ರಲ್ಲಿ ಮಾರ್ಲಿ ಹಾಡಿದ 'ವಾರ್' ನನಗೆ ಪಾಠಕ್ಕೂ ಒದಗಿದೆ. ಅದರ ಸಾಹಿತ್ಯ ಬಹುಪಾಲು 1963ರ ಅಕ್ಟೋಬರಿನಲ್ಲಿ ಇಥಿಯೋಪಿಯದ ದೊರೆ ಹೈಲೆ ಸೆಲಾಸಿ ವಿಶ್ವಸಂಸ್ಥೆಯಲ್ಲಿ ಮಾಡಿದ ಭಾಷಣ. ಕಣ್ಣಿನ ಬಣ್ಣಕ್ಕಿಲ್ಲದ ಮಹತ್ವ ಚರ್ಮದ ಬಣ್ಣಕ್ಕೇಕೆ ಎಂಬುದು ಅದರ ವಾದ. ಎರಡಕ್ಕೂ ಕಾರಣ ಮೆಲನಿನ್ ಎಂಬ ಒಂದೇ ವರ್ಣದ್ರವ್ಯ. ಹತ್ತು ಪುಟದ ಪಾಠಕ್ಕಿಂತ ಈ ಹೋಲಿಕೆ ಮಕ್ಕಳಿಗೆ ಬೇಗ ಹತ್ತುತ್ತದೆ. ಆ ದೊರೆಯ ರಾಜ್ಯದಲ್ಲೇ ಎಪ್ಪತ್ತರ ದಶಕದ ಆದಿಯಲ್ಲಿ ಜನ ಬರಗಾಲಕ್ಕೆ ಸಿಕ್ಕಿ ಸತ್ತರು, 1974ರಲ್ಲಿ ಆತ ಪದಚ್ಯುತನಾದ. ಮಾತು ಒಳ್ಳೆಯದಿದ್ದರೆ ಆಡಿದವನೂ ಒಳ್ಳೆಯ ದೊರೆ ಎಂದುಕೊಳ್ಳುವುದು ಭಕ್ತರ ದೌರ್ಬಲ್ಯ.

ಮಾರ್ಲಿಯ ಮೇಲೂ ಗುಂಡು ಹಾರಿತು, 1976ರ ಡಿಸೆಂಬರ್ 3ರಂದು. ಎರಡೇ ದಿನಕ್ಕೆ ವೇದಿಕೆ ಹತ್ತಿ ಹಾಡಿದ. 1978ರ ಏಪ್ರಿಲ್ 22ರ ಶಾಂತಿ ಕಛೇರಿಯಲ್ಲಿ ಬದ್ಧವೈರಿಗಳಾದ ಪ್ರಧಾನಿ ಮ್ಯಾನ್ಲಿ ಮತ್ತು ವಿರೋಧಪಕ್ಷದ ಸಿಯಾಗಾ ಅವರ ಕೈ ಹಿಡಿದು ಕೂಡಿಸಿದ. ಆ ಛಾಯಾಚಿತ್ರ ಪ್ರಸಿದ್ಧ. ನನಗೆ ಮಾತ್ರ ಅದೇ ವೇದಿಕೆಯಲ್ಲಿ ಮೊದಲು ಹಾಡಿದ ಪೀಟರ್ ಟಾಶ್ ಹೆಚ್ಚು ಇಷ್ಟ. ಸಮಾನ ಹಕ್ಕಿಲ್ಲದ ಶಾಂತಿ ಏತಕ್ಕೆ ಎಂದು ಇಬ್ಬರು ನಾಯಕರ ಎದುರಿಗೇ ಬೈದವನು ಆತ. ಅದೇ ವರ್ಷ ಪೊಲೀಸರಿಂದ ಪೆಟ್ಟು ತಿಂದ. 1980ರ ಚುನಾವಣೆಯ ವರ್ಷ ಜಮೈಕಾದಲ್ಲಿ ನೂರಾರು ಮಂದಿ ಕೊಲೆಯಾದರು. ಕೈ ಕೂಡಿಸಿದ್ದು ಚಿತ್ರಕ್ಕಷ್ಟೇ ಆಯಿತು.

ಇವೆಲ್ಲಕ್ಕಿಂತ ನನ್ನನ್ನು ಕಾಡಿದ್ದು ಒಂದು ಪತ್ರ. ಜಮೈಕಾದಲ್ಲಿ ಹುಟ್ಟಿ ಬಾಲ್ಯದಲ್ಲೇ ಲಂಡನ್ನಿಗೆ ಹೋದ ಲಿಂಟನ್ ಕ್ವೇಸಿ ಜಾನ್ಸನ್‌ನ 'ಸನ್ನೀಸ್ ಲೆಟ್ಟಾ', 1979ರದು. ನಮ್ಮ 'ಮಾತೃಶ್ರೀಯವರಿಗೆ ಸಾಷ್ಟಾಂಗ ನಮಸ್ಕಾರಗಳು, ಉಭಯಕುಶಲೋಪರಿ' ಎಂಬಂತೆಯೇ ವಿನಯದಿಂದ ಶುರುವಾಗುತ್ತದೆ. ಬರೆಯುವವನು ಬ್ರಿಕ್ಸ್‌ಟನ್ ಜೈಲಿನಲ್ಲಿದ್ದಾನೆ. ತಮ್ಮನನ್ನು ನೋಡಿಕೊಳ್ಳುತ್ತೇನೆಂದು ಅಮ್ಮನಿಗೆ ಮಾತು ಕೊಟ್ಟಿದ್ದ. ಬಸ್ಸಿಗೆ ಕಾಯುತ್ತಿದ್ದ ತಮ್ಮನನ್ನು ಪೊಲೀಸರು ಹಿಡಿದು ಬಡಿದಾಗ ಅಡ್ಡಹೋದ, ಹೊಡೆದಾಟದಲ್ಲಿ ಪೊಲೀಸನೊಬ್ಬ ಸತ್ತ. ತಮ್ಮನ ಮೇಲೆ ಹಾಕಿದ್ದು 1824ರ ಅಲೆಮಾರಿ ಕಾಯಿದೆಯ ಬರೀ ಅನುಮಾನದ ಕಲಮು. ಆ ಕಲಮನ್ನು ಬ್ರಿಟನ್ 1981ರಲ್ಲಿ ರದ್ದು ಮಾಡಿತು.

ಟೀ ಶರ್ಟಿನ ಹುಡುಗನಿಗೆ ಈ ಕಥೆಯನ್ನೆಲ್ಲ ಹೇಳಿದೆ. ಅಣ್ಣನ ಫೋನಿನಲ್ಲಿ ಹುಡುಕಿ ಕೇಳುತ್ತೇನೆ ಎಂದ. ಸೋಮವಾರ ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತು ಕೇಳಿದ: 'ಸಾರ್, ಆ ಪತ್ರಕ್ಕೆ ಅವರಮ್ಮ ಏನು ಉತ್ತರ ಬರೆದರು?'

'ಉತ್ತರ ಹಾಡಿನಲ್ಲಿಲ್ಲ ಕಣಪ್ಪ. ಇಂತಿ ನಿಮ್ಮ ಮಗ ಸನ್ನಿ, ಅಂತ ಮುಗಿಯುತ್ತೆ' ಎಂದೆ.