ಚಳಿಯಲ್ಲಿ ಹೊರಡಲೊಲ್ಲದ ಹಳೆಯ ಲಾರಿ

ಮಡಿಕೇರಿಯ ಕಡೆಯ ಚಂದಾದಾರರೊಬ್ಬರು ಬರೆದಿರುವರು: ಅವರ ತೀರ್ಥರೂಪರು ಕೊಂಡ 1948ರ ಷೆವ್ರೊಲೆ ಪೆಟ್ರೋಲ್ ಲಾರಿಯು ಮಧ್ಯಾಹ್ನದಲ್ಲಿ ಸೆಲ್ಫ್ ಒತ್ತಿದೊಡನೆ ಹೊರಡುವುದಂತೆ, ಮಾಗಿಯ ಮುಂಜಾನೆ ಮಾತ್ರ ಎಷ್ಟು ಹೆಣಗಿದರೂ ನಾಲ್ಕು ಸಾರಿ ಕೆಮ್ಮಿ ಸುಮ್ಮನಾಗುವುದಂತೆ. ಕಾರ್ಬ್ಯುರೇಟರನ್ನೇ ಬದಲಿಸಬೇಕೆಂದು ಮೆಕ್ಯಾನಿಕ್ಕನು ಹೇಳಿರುವನು. ಅಷ್ಟು ಹಳೆಯ ಭಾಗವು ದೊರೆಯುವುದೇ ದುರ್ಲಭ, ದೊರೆತರೂ ಬೆಲೆ ವಿಪರೀತ. ಲಾರಿಯನ್ನು ಗುಜರಿಗೆ ಕೊಟ್ಟುಬಿಡೋಣವೆಂದು ಮನೆಯವರು ಹೇಳುತ್ತಿರುವರಂತೆ.

ಅವಸರ ಬೇಡ. ಪ್ರಶ್ನೆಯಲ್ಲಿಯೇ ಉತ್ತರದ ಅರ್ಧಭಾಗವಿದೆ. ಕಾರ್ಬ್ಯುರೇಟರು ಪೂರ್ತಿ ಕೆಟ್ಟಿದ್ದರೆ ಮಧ್ಯಾಹ್ನದಲ್ಲಿಯೂ ಕೆಟ್ಟೇ ಇರಬೇಕಷ್ಟೆ. ಚಳಿಯಿದ್ದಾಗ ದೋಷವುಂಟು, ಚಳಿಯಿಲ್ಲದಾಗ ದೋಷವಿಲ್ಲ. ನಮ್ಮ ತಾರ್ಕಿಕರು ಅನ್ವಯವ್ಯತಿರೇಕಗಳೆಂದು ಹೇಳುವುದು ಇದನ್ನೇ. ಆದುದರಿಂದ ಚಳಿಗಾಗಿಯೇ ಇಟ್ಟಿರುವ ಅಂಗವನ್ನು ಮೊದಲು ಶಂಕಿಸತಕ್ಕದ್ದು. ಅದರ ಹೆಸರು ಚೋಕು.

ಮೆಕ್ಯಾನಿಕ್ಕನನ್ನು ದೂರುವಂತಿಲ್ಲ. ಜನರಲ್ ಮೋಟಾರ್ಸ್ ಕಂಪೆನಿಯವರು 1928ರಿಂದ ಮುಂಬಯಿಯ ಶಿವಡಿಯಲ್ಲಿ ಷೆವ್ರೊಲೆ ವಾಹನಗಳನ್ನು ಜೋಡಿಸುತ್ತಿದ್ದರು; 1954ರಲ್ಲಿ ಆ ಕೆಲಸವು ನಿಂತಿತು. ಅದೇ ವರ್ಷ ಟಾಟಾದವರು ಜರ್ಮನಿಯ ಬೆಂಜ್ ಕಂಪೆನಿಯೊಡನೆ ಕೂಡಿ ಡೀಸೆಲ್ ಲಾರಿಗಳನ್ನು ತಂದರು. ಡೀಸೆಲ್ ಎಂಜಿನ್ನಿಗೆ ಕಾರ್ಬ್ಯುರೇಟರೂ ಇಲ್ಲ, ಚೋಕೂ ಇಲ್ಲ. ಇಂದಿನ ತರುಣನು ಕಾಣದ ವಸ್ತುವನ್ನು ಹೇಗೆ ತಾನೆ ಬಲ್ಲನು?

ಪೆಟ್ರೋಲು ದ್ರವರೂಪದಲ್ಲಿ ಉರಿಯುವುದಿಲ್ಲ, ಆವಿಯಾಗಿಯೇ ಉರಿಯಬೇಕು. ಎಂಜಿನ್ನು ಬಿಸಿಯಾಗಿರುವಾಗ ತೂಕದಲ್ಲಿ ಸುಮಾರು 15 ಪಾಲು ಗಾಳಿಗೆ 1 ಪಾಲು ಪೆಟ್ರೋಲು ಸಾಕು. ಚಳಿಯಲ್ಲಿಯಾದರೋ ಅದರ ಬಹುಭಾಗವು ಹನಿಯಾಗಿಯೇ ಉಳಿದು ತಣ್ಣನೆಯ ಕೊಳವೆಯ ಗೋಡೆಗೆ ಅಂಟುವುದು. ಒಳಕ್ಕೆ ಮುಟ್ಟುವ ಆವಿಯು ಸಾಲದು. ಅದಕ್ಕಾಗಿ ಕಾರ್ಬ್ಯುರೇಟರಿನ ಬಾಯಲ್ಲಿ ತೆಳುವಾದ ದುಂಡು ತಟ್ಟೆಯೊಂದನ್ನು ಇಟ್ಟಿರುವರು. ಚಾಲಕನು ಗುಂಡಿಯನ್ನೆಳೆದರೆ ತಂತಿಯ ಮೂಲಕ ತಟ್ಟೆಯು ತಿರುಗಿ ಗಾಳಿಯ ದಾರಿಯನ್ನು ಮುಚ್ಚುವುದು. ಆಗ ಎಂಜಿನ್ನಿನ ಸೆಳೆತಕ್ಕೆ ಪೆಟ್ರೋಲು ಹೆಚ್ಚಾಗಿ ಬರುವುದು. ಚೋಕೆಂದರೆ ಕಂಠರೋಧ. ಹೆಸರು ಕ್ರೂರವಾದರೂ ಕೆಲಸವು ಪ್ರಾಣಾಯಾಮದ ಕುಂಭಕದಂತೆ, ಕ್ಷಣಕಾಲ ಹಿತ, ಮೀರಿದರೆ ಅಪಾಯ.

ಪರೀಕ್ಷೆಗೆ ಇಬ್ಬರು ಸಾಕು. ಎಂಜಿನ್ನು ನಿಂತು ತಣ್ಣಗಿರುವಾಗ ಏರ್ ಕ್ಲೀನರನ್ನು ಬಿಚ್ಚಿರಿ. ಒಬ್ಬರು ಒಳಗೆ ಕುಳಿತು ಗುಂಡಿಯನ್ನೆಳೆಯಲಿ, ಮತ್ತೊಬ್ಬರು ತಟ್ಟೆಯನ್ನು ನೋಡಲಿ. ಎಳೆದಾಗ ಬಾಯಿ ಪೂರ್ತಿ ಮುಚ್ಚಬೇಕು. ಒತ್ತಿದಾಗ ತಟ್ಟೆಯು ನೆಟ್ಟಗೆ ನಿಲ್ಲಬೇಕು. ಹೆಚ್ಚಿನ ಪಕ್ಷದಲ್ಲಿ ಕಳ್ಳನು ಇಲ್ಲಿಯೇ ಸಿಕ್ಕುವನು: ಗುಂಡಿಯು ಪೂರ್ತಿ ಈಚೆಗೆ ಬಂದಿರುವುದು, ತಟ್ಟೆಯು ಅರ್ಧ ಮಾತ್ರ ತಿರುಗಿರುವುದು. ತಂತಿಯ ಹೊರಕವಚವನ್ನು ಹಿಡಿದ ಪಟ್ಟಿಯು ಸಡಿಲಿರುವುದು, ಇಲ್ಲವೆ ತಂತಿಯ ತುದಿಯನ್ನು ಬಿಗಿದ ಸಣ್ಣ ಸ್ಕ್ರೂ ಜಾರಿರುವುದು. ಹಾಗಿದ್ದರೆ ಗುಂಡಿಯನ್ನು ಕೂದಲೆಳೆಯಷ್ಟು ಈಚೆಗೆ ಬಿಟ್ಟು ಒತ್ತಿ, ತಟ್ಟೆಯನ್ನು ಪೂರ್ತಿ ತೆರೆದು, ಆಮೇಲೆ ಸ್ಕ್ರೂ ಬಿಗಿಯಿರಿ. ಖರ್ಚು ಒಂದು ಕಾಸಿಲ್ಲ. ತಟ್ಟೆಯ ಅಚ್ಚು ಅಂಟಂಟಾಗಿದ್ದರೆ ಅದು ಪೆಟ್ರೋಲಿನ ಜಿಗಟು. ಕಾರ್ಬ್ಯುರೇಟರ್ ಕ್ಲೀನರನ್ನು ಹಾಕಿ ಸಣ್ಣ ಬ್ರಷ್ಷಿನಿಂದ ತೊಳೆಯತಕ್ಕದ್ದು. ಎಣ್ಣೆ ಬಿಡಬೇಡಿ, ಧೂಳನ್ನು ಕೂಡಿಸುವುದು. ಒಂದು ಸಾರಿಗೆ ಒಂದನ್ನೇ ಸರಿಪಡಿಸಿ ನೋಡಿರಿ. ಎಲ್ಲ ಸ್ಕ್ರೂಗಳನ್ನೂ ಒಟ್ಟಿಗೆ ತಿರುಗಿಸಿದವನಿಗೆ ಯಾವುದು ಕಾರಣವೆಂದು ಎಂದಿಗೂ ತಿಳಿಯದು.

(ಅಮೆರಿಕೆಯ ಮುಂದಿನ ಕಾಲದ ಕೆಲವು ಲಾರಿಗಳಲ್ಲಿ ಎರಡು ಲೋಹಗಳನ್ನು ಬೆಸೆದ ಸುರುಳಿಯೊಂದು ಶಾಖಕ್ಕೆ ಬಿಚ್ಚಿ ತಟ್ಟೆಯನ್ನು ತಾನೇ ತಿರುಗಿಸುವುದು. ಈ ಲಾರಿಗೆ ಅದಿಲ್ಲ.)

ಎಂಜಿನ್ನು ಹತ್ತಿದ ಮೇಲೆ ಹೊಗೆಯನ್ನು ಗಮನಿಸಿರಿ. ಧೂಮದಿಂದ ಅಗ್ನಿಯನ್ನು ಊಹಿಸುವವನು ಮಂಜನ್ನು ಧೂಮವೆಂದು ಭ್ರಮಿಸಬಾರದೆಂದು ತರ್ಕದ ಪಾಠದಲ್ಲಿ ಹೇಳುವರು. ಚಳಿಯ ಬೆಳಗಿನಲ್ಲಿ ಹಿಂದಿನ ಕೊಳವೆಯಿಂದ ಬಂದು ಬೇಗ ಕರಗುವ ಬಿಳಿಯದು ಬರಿಯ ನೀರಾವಿ; ಅದಕ್ಕೆ ಹೆದರಬೇಡಿ. ಕರಿಯ ಹೊಗೆಯೂ ಪೆಟ್ರೋಲಿನ ವಾಸನೆಯೂ ಬಂದರೆ ಚೋಕು ಮುಚ್ಚಿಯೇ ಇದೆಯೆಂದು ತಿಳಿಯಿರಿ. ಹಾಗೆಯೇ ಓಡಿಸುತ್ತ ಹೋದರೆ ಪ್ಲಗ್ಗುಗಳಿಗೆ ಮಸಿ ಹಿಡಿಯುವುದಲ್ಲದೆ, ಪೆಟ್ರೋಲು ಸಿಲಿಂಡರಿನ ಎಣ್ಣೆಯನ್ನು ತೊಳೆದು ಕೆಳಗಿಳಿದು ಎಂಜಿನ್ನೇ ಸವೆಯುವುದು. ಹತ್ತಿದೊಡನೆ ಗುಂಡಿಯನ್ನು ಅರ್ಧ ಒತ್ತಿ, ಎಂಜಿನ್ನು ಬಿಸಿಯಾದಂತೆಲ್ಲ ಪೂರ್ತಿ ಒತ್ತತಕ್ಕದ್ದು. ಹತ್ತುವ ಮೊದಲೇ ಪೆಟ್ರೋಲು ಹೆಚ್ಚಾಗಿ ನೆನೆದಿದ್ದರೆ ಗುಂಡಿಯನ್ನು ಒತ್ತಿ, ಆಕ್ಸಿಲರೇಟರನ್ನು ತಳಮುಟ್ಟ ತುಳಿದು ಹಿಡಿದು, ಸೆಲ್ಫ್ ಹೊಡೆಯಿರಿ. ಪದೇ ಪದೇ ತುಳಿಯಬೇಡಿ.

ಎರಡು ಕೆಲಸಗಳನ್ನು ಮಾತ್ರ ಖಂಡಿತ ಮಾಡಕೂಡದು. ಕಾರ್ಬ್ಯುರೇಟರಿನ ಬಾಯಿಗೆ ಪೆಟ್ರೋಲು ಸುರಿದು ಹೊರಡಿಸುವ ಅಭ್ಯಾಸವು ಕೆಲವರಲ್ಲಿದೆ. ಎಂಜಿನ್ನು ಹಿಂದಕ್ಕೆ ಸಿಡಿದರೆ ಜ್ವಾಲೆಯು ಬಾಯಿಂದಲೇ ಹೊರಬಂದು ಬಗ್ಗಿ ನೋಡುವವನ ಮುಖವನ್ನು ಸುಡುವುದು. ಎರಡನೆಯದು ಇನ್ನೂ ಘೋರ. ಚಳಿಯೆಂದು ಷೆಡ್ಡಿನ ಬಾಗಿಲು ಮುಚ್ಚಿಕೊಂಡು ಎಂಜಿನ್ನನ್ನು ಕಾಯಿಸುವುದು ಸಾವನ್ನು ಕರೆದಂತೆ. ಚೋಕು ಎಳೆದಿರುವಾಗ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯುವು ಅಧಿಕವಾಗಿ ಬರುವುದು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವೆಂದು ಕುಳಿತವನು ಏಳದೆ ಹೋಗುವನು. ಮಕ್ಕಳನ್ನು ಕೂರಿಸಿಕೊಂಡು ಕಾಯಿಸುವವರಂತೂ ಮೊದಲು ಲಾರಿಯನ್ನು ಬಯಲಿಗೆ ತಳ್ಳಿಸಲಿ.

ಇನ್ನೊಂದು ಮಾತು. ಈಗ ಬಂಕುಗಳಲ್ಲಿ ಸಿಕ್ಕುವ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಬೆರೆತಿರುವುದು. ಅದು ಚಳಿಯಲ್ಲಿ ಆವಿಯಾಗುವುದು ಕಷ್ಟ, ಗಾಳಿಯ ಪ್ರಮಾಣಕ್ಕೆ ಹೆಚ್ಚಾಗಿಯೂ ಬೇಕು. ತಂದೆಯವರ ಕಾಲಕ್ಕಿಂತ ಚೋಕನ್ನು ತುಸು ಹೆಚ್ಚು ಹೊತ್ತು ಎಳೆದಿಡಬೇಕಾದರೆ ಆಶ್ಚರ್ಯವಿಲ್ಲ.

ಇಷ್ಟಾದರೂ ಲಾರಿಯು ಏಳದಿದ್ದಲ್ಲಿ ಬ್ಯಾಟರಿಯನ್ನೂ (ಮೂಲತಃ ಅದು 6 ವೋಲ್ಟಿನದು, ಚಳಿಗೆ ಬೇಗ ಸೋಲುವುದು) ಪ್ಲಗ್ಗುಗಳ ಕಿಡಿಯನ್ನೂ ನೋಡಿಸಿ ಚಂದಾದಾರರು ತಿಳಿಸಲಿ. ಮುಂದಿನ ಸಂಚಿಕೆಯಲ್ಲಿ ಉತ್ತರಿಸುವೆನು.